ಸಿಹಿ ಕಬ್ಬು, ಸಪ್ಪೆ ನಾರು

ಕಬ್ಬು ಅಗಿಯುವಾಗ ಒಂದು ವಿಚಿತ್ರ ಗಮನಿಸಿದ್ದೀರಾ, ಮಕ್ಕಳೇ? ಮೊದಮೊದಲು ಬಾಯಿ ತುಂಬ ಸಿಹಿ. ಅಗಿಯುತ್ತ ಹೋದಂತೆ ಹಾಲೆಲ್ಲ ಗಂಟಲಿಗಿಳಿದು ನಾಲಿಗೆ ಮೇಲೆ ಉಳಿಯುವುದು ಬರೀ ಸಪ್ಪೆ ನಾರು. ಅದನ್ನು ಉಗುಳಿ ಮುಂದಿನ ಗಣಿಕೆಗೆ ಬಾಯಿ ಹಾಕುತ್ತೀರಿ. ಉಗುಳಿದ ಆ ನಾರಿನಲ್ಲೂ ಸಕ್ಕರೆ ಇತ್ತು ಅಂದರೆ ನಂಬುತ್ತೀರಾ?

ಇತ್ತು! ನಾವು ನೋಡುವ ಬಹುಪಾಲು ವಸ್ತುಗಳು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಂದ ಆಗಿವೆ. ಅವಕ್ಕೆ ಅಣು ಅನ್ನುತ್ತಾರೆ. ಕಬ್ಬಿನ ಹಾಲಿನಲ್ಲಿರುವ ಸಕ್ಕರೆಯ ಅಣು ಪುಟ್ಟದು. ಅದರಲ್ಲಿ ಇರುವುದು ಎರಡೇ ತುಣುಕು: ಒಂದು ಗ್ಲೂಕೋಸ್, ಇನ್ನೊಂದು ಫ್ರಕ್ಟೋಸ್. ನಾರಿನಲ್ಲಿ ಹೆಚ್ಚಾಗಿರುವ ಸೆಲ್ಯುಲೋಸಿನಲ್ಲಾದರೋ ಸಾವಿರಾರು ಗ್ಲೂಕೋಸುಗಳು ಒಂದಕ್ಕೊಂದು ಕೂಡಿಕೊಂಡು ಉದ್ದನೆಯ ಸಾಲಾಗಿವೆ. ಹೀಗೆ ಸಣ್ಣ ಅಣುಗಳು ಕೂಡಿ ಆದ ಭಾರಿ ಅಣುವೇ ಪಾಲಿಮರ್. ಕೂಡುವ ಒಂದೊಂದು ಸಣ್ಣ ಅಣುವೂ ಮಾನೋಮರ್.

ಅಣುಗಳು ಕೂಡುವುದು ಹೇಗೆ? ನಿಮ್ಮ ಶಾಲೆಯ ಬಯಲನ್ನು ನೆನೆಸಿಕೊಳ್ಳಿ. ಮಕ್ಕಳೆಲ್ಲ ಕೈಕೈ ಹಿಡಿದು ಸಾಲಾಗಿ ನಿಲ್ಲಬೇಕು. ಆದರೆ ಎಲ್ಲರ ಕೈಯಲ್ಲೂ ಏನೋ ಸಾಮಾನಿದೆ. ಅದನ್ನು ಕೆಳಗೆ ಹಾಕದೆ ಪಕ್ಕದವರ ಕೈ ಹಿಡಿಯಲು ಆಗದು. ಗ್ಲೂಕೋಸುಗಳ ಕಥೆಯೂ ಇದೇ. ಎರಡು ಗ್ಲೂಕೋಸ್ ಕೂಡುವಾಗಲೆಲ್ಲ ನೀರಿನ ಒಂದು ಅಣು ಹೊರಬೀಳುತ್ತದೆ. ಕಬ್ಬಿನ ಗಿಡ ಹೊಲದಲ್ಲಿ ಸದ್ದಿಲ್ಲದೆ ಮಾಡುವ ಕೆಲಸ ಇದು.

ಇನ್ನು ಕೆಲವರು ಬರಿಗೈಯಲ್ಲಿ, ತಮ್ಮ ಎರಡೂ ಕೈಗಳನ್ನು ಜೋಡಿಸಿಕೊಂಡು ನಿಂತಿದ್ದಾರೆ ಅನ್ನಿ. ಅವರು ಏನನ್ನೂ ಕೆಳಗೆ ಹಾಕಬೇಕಿಲ್ಲ. ಕೈ ಬಿಡಿಸಿ ಎಡಕ್ಕೊಬ್ಬರನ್ನು, ಬಲಕ್ಕೊಬ್ಬರನ್ನು ಹಿಡಿದರೆ ಆಯಿತು. ಎಥಿಲೀನ್ ಎಂಬ ಅನಿಲದ ಅಣುಗಳು ಕೂಡುವುದು ಹೀಗೆ. ಅವು ಕೂಡಿದಾಗ ಆಗುವುದೇ ಪಾಲಿಥೀನ್. ಚಿಕ್ಕೋಡಿ ಕಡೆಯ ಕಬ್ಬಿನ ಹೊಲಗಳಲ್ಲಿ ಹನಿ ನೀರಾವರಿಗೆ ಹಾಸುವ ಕಪ್ಪು ಪೈಪು ಇದೆಯಲ್ಲ, ಅದು ಇದರದೇ.

ಸಾಲು ಹೇಗೆ ನಿಂತಿದೆ ಎಂಬುದೂ ಮುಖ್ಯ. ಸೆಲ್ಯುಲೋಸಿನ ಸಾಲುಗಳು ನೆಟ್ಟಗೆ, ಒಂದರ ಪಕ್ಕ ಒಂದು ಒತ್ತಾಗಿ ನಿಲ್ಲುತ್ತವೆ. ಅದಕ್ಕೇ ನಾರು ನೀರಲ್ಲಿ ಕರಗದು, ಸಿಹಿಯೂ ಹತ್ತದು. ಜೋಳದ ಹಿಟ್ಟಿನ ಪಿಷ್ಟವೂ ಗ್ಲೂಕೋಸಿನ ಸಾಲೇ, ಆದರೆ ಕೈ ಹಿಡಿದ ರೀತಿ ಬೇರೆ. ಹಾಗಾಗಿ ಅದು ಸುರುಳಿಯಾಗಿ, ಕವಲು ಕವಲಾಗಿ ಇರುತ್ತದೆ. ನಮ್ಮ ಜೊಲ್ಲು ಆ ಹಿಡಿತವನ್ನು ಬಿಡಿಸಬಲ್ಲದು. ಇವತ್ತು ಊಟಕ್ಕೆ ಕೂತಾಗ ಬರೀ ರೊಟ್ಟಿಯ ಒಂದು ಚೂರನ್ನು ನುಂಗದೆ ಚೆನ್ನಾಗಿ ಅಗಿದು ನೋಡಿ, ಮೆಲ್ಲಗೆ ಸಿಹಿ ಬರುತ್ತದೆ. ನಾರಿನ ಹಿಡಿತ ಬಿಡಿಸುವುದು ಮಾತ್ರ ನಮ್ಮಿಂದಾಗದು. ಎಮ್ಮೆಗೆ ಆಗುತ್ತದೆ, ಅದರ ಹೊಟ್ಟೆಯಲ್ಲಿ ಆ ಕೆಲಸಕ್ಕೆಂದೇ ಸೂಕ್ಷ್ಮಜೀವಿಗಳಿವೆ. ಕಬ್ಬಿನ ಸೋಗೆ ಅದಕ್ಕೆ ಹಬ್ಬದೂಟ. ಕಾಗವಾಡ ತಾಲ್ಲೂಕಿನ ಉಗಾರದಂಥ ಸಕ್ಕರೆ ಕಾರ್ಖಾನೆಗಳಿಗೂ ನಾರು ಕಸವಲ್ಲ. ಹಾಲು ಹಿಂಡಿದ ಸಿಪ್ಪೆಯನ್ನೇ ಉರಿಸಿ ಉಗಿ ಎಬ್ಬಿಸುತ್ತಾರೆ, ವಿದ್ಯುತ್ತನ್ನೂ ತೆಗೆಯುತ್ತಾರೆ.

ಇನ್ನೊಂದು ಪಾಲಿಮರ್ ನೋಡಲು ಅಥಣಿಗೆ ಹೋಗೋಣ. ಅಲ್ಲಿನ ಚಪ್ಪಲಿ ನೋಡಿದ್ದೀರಲ್ಲ? ಮೊಳೆ ಹೊಡೆಯದೆ ಚರ್ಮದ ದಾರದಲ್ಲೇ ಹೊಲಿದದ್ದು. ಪೇಟೆಯಲ್ಲಿ ಕೊಲ್ಹಾಪುರಿ ಅಂದರೂ ಅಥಣಿ, ನಿಪ್ಪಾಣಿ, ರಾಯಬಾಗದ ಕೈಗಳೂ ಅದನ್ನು ಮಾಡುತ್ತ ಬಂದಿವೆ. 2019ರಲ್ಲಿ ಅದಕ್ಕೆ ಇಂಥ ಸೀಮೆಯದೇ ಎಂದು ಸಾರುವ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಪಾಲು ಬಂತು. ನ್ಯಾಯವಾದದ್ದೇ.

ಚರ್ಮದಲ್ಲಿರುವುದು ಕೊಲಾಜೆನ್ ಎಂಬ ಪಾಲಿಮರ್, ಮೂರು ಸಾಲುಗಳು ಒಂದಕ್ಕೊಂದು ಹೆಣೆದುಕೊಂಡದ್ದು. ಹಸಿ ಚರ್ಮವನ್ನು ಹಾಗೇ ಬಿಟ್ಟರೆ ಕೊಳೆಯುತ್ತದೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ಬಹಳ ದಿನ ನೆನೆಸಿದರೆ ಹದವಾಗುತ್ತದೆ. ಅವುಗಳಲ್ಲಿ ಒಗರಿನ ಟ್ಯಾನಿನ್ ಇದೆ. ಅದು ಸಾಲುಗಳ ನಡುವೆ ಹೊಕ್ಕು, ಈ ಸಾಲಿನವರ ಕೈಯನ್ನು ಆ ಸಾಲಿನವರಿಗೆ ಹಿಡಿಸಿಬಿಡುತ್ತದೆ. ಆಮೇಲೆ ಕೊಳೆಸುವ ಸೂಕ್ಷ್ಮಜೀವಿಗೆ ಅದನ್ನು ಬಿಡಿಸಲು ಕಷ್ಟ. ಪಾಲಿಮರ್ ಎಂಬ ಮಾತೇ ಕೇಳದವರು ಇದನ್ನು ಕೈ ಅಳತೆಯಲ್ಲೇ ಕಂಡುಕೊಂಡಿದ್ದರು!

ವಿದ್ವಾಂಸರು ಒಪ್ಪಲು ತಡವಾಯಿತು. ಇಷ್ಟು ಉದ್ದದ ಅಣುಗಳಿವೆ ಎಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಬರೆದಾಗ ಅನೇಕರು ನಂಬಲಿಲ್ಲ. ಅವರಿಗೆ ನೊಬೆಲ್ ಬಹುಮಾನ ಬಂದದ್ದು 1953ರಲ್ಲಿ.

ಕಬ್ಬಿನ ನಾರು, ಚರ್ಮ, ಪಿಷ್ಟ ಪ್ರಕೃತಿ ಕೊಟ್ಟ ಪಾಲಿಮರ್‌ಗಳು; ಪಾಲಿಥೀನ್ ಮನುಷ್ಯ ಮಾಡಿದ್ದು. ಆದರೆ ನನಗೆ ಇಷ್ಟವಾದದ್ದು ಇನ್ನೊಂದು ವಿಂಗಡಣೆ, ಬಿಸಿ ತಾಗಿದರೆ ಏನಾಗುತ್ತದೆ ಎಂಬುದು. ಹನಿ ಪೈಪಿನ ಸಾಲುಗಳು ಬೇರೆ ಬೇರೆಯಾಗಿಯೇ ಇರುತ್ತವೆ. ಬಿಸಿಯಾದರೆ ಒಂದರ ಮೇಲೊಂದು ಜಾರಿ ಕರಗುತ್ತವೆ, ತಣಿದರೆ ಮತ್ತೆ ಗಟ್ಟಿಯಾಗುತ್ತವೆ. ಅದಕ್ಕೇ ಹಳೆಯ ಪೈಪನ್ನು ಗುಜರಿಯವರು ತೂಕ ಹಾಕಿ ಕೊಳ್ಳುತ್ತಾರೆ. ಅದನ್ನು ಕರಗಿಸಿ ಹೊಸ ಸಾಮಾನು ಮಾಡಬಹುದು.

ನಿಪ್ಪಾಣಿಯ ಹೆದ್ದಾರಿಯಲ್ಲಿ ಓಡುವ ಲಾರಿಯ ಟೈರು ಹಾಗಲ್ಲ. ಅದರ ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿರುತ್ತಾರೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ಉಪಾಯ ಇದು. ಗಂಧಕ ಎಲ್ಲ ಸಾಲುಗಳ ಕೈಗಳನ್ನೂ ಅಡ್ಡಡ್ಡ ಹಿಡಿಸಿಬಿಟ್ಟಿದೆ, ಅದೂ ಟ್ಯಾನಿನ್‌ಗಿಂತ ಬಿಗಿಯಾಗಿ. ಸವೆದ ಟೈರಿಗೆ ಮೇಲೆ ಹೊಸ ಪದರ ಅಂಟಿಸಬಹುದು. ಪೈಪಿನ ಹಾಗೆ ಕರಗಿಸಿ ಎರಕ ಹೊಯ್ಯುತ್ತೇನೆ ಅಂದರೆ ಅದು ಸುಟ್ಟು ಹೊಗೆಯಾಗುತ್ತದೆಯೇ ಹೊರತು ಕರಗುವುದಿಲ್ಲ. ಅಡುಗೆಮನೆಯ ಕುಕ್ಕರಿನ ಕಪ್ಪು ಹಿಡಿಕೆ ಯಾವ ಗುಂಪಿನದು, ಪೈಪಿನದೋ ಟೈರಿನದೋ? ಉರಿಯ ಪಕ್ಕದಲ್ಲೇ ಇದ್ದರೂ ಅದು ಯಾಕೆ ಇಳಿದು ಬೀಳುವುದಿಲ್ಲ ಎಂದು ಯೋಚಿಸಿ, ಸಿಕ್ಕಿಬಿಡುತ್ತದೆ.