ತಂದೆಯ ಜಾಗದಲ್ಲಿ ನಿಂತವರು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

ಹಿಂದೆ ಗೋಡೆಗೆ ಆತು ನಿಂತಿರುವ ಪ್ರಸಾದ ನಿಲಯದ ಮಕ್ಕಳೇ,

ನನಗೆ ಕೊಟ್ಟ ವಿಷಯ ‘ವಿದ್ಯಾರ್ಥಿಗಳಲ್ಲಿ ಶಿಸ್ತು’. ಕಾಲೇಜಿನಲ್ಲಿ ಪಾಠ ಹೇಳುತ್ತ, ಜೊತೆಗೆ ಹದಿನೆಂಟು ವರ್ಷ ಹುಡುಗರ ವಸತಿ ನಿಲಯದ ವಾರ್ಡನ್ ಆಗಿದ್ದವನು ನಾನು. ಶಿಸ್ತಿನ ಮೇಲೆ ಮಾತಾಡು ಎಂದರೆ ರಾತ್ರಿಯಿಡೀ ಮಾತಾಡಬಲ್ಲೆ. ಆದರೆ ಇಂದು ಆ ಶಿಸ್ತಿನ ಕಣ್ಣಿಗೆ ಬೀಳದೆ ಹೋದ ಸಂಗತಿಯನ್ನು ಹೇಳಬೇಕೆಂದಿದ್ದೇನೆ. ವಿಷಯ ತುಸು ಆಚೀಚೆ ಆದರೆ ಅಪ್ಪಗಳವರು ಕ್ಷಮಿಸಬೇಕು.

ನಮ್ಮ ನಿಲಯದಲ್ಲಿ ರಾತ್ರಿ ಎಂಟೂವರೆಗೆ ಹಾಜರಿ, ಒಂಬತ್ತಕ್ಕೆ ಗೇಟಿಗೆ ಕೀಲಿ. ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು ಮೂರಾದರೆ ಊರಿಗೆ ಕಾಗದ ಹೋಗುತ್ತಿತ್ತು. ಮನೆಮನೆಗೆ ಫೋನು ಬಂದ ಮೇಲೆ ಫೋನು. ನನ್ನ ಪುಸ್ತಕ ಬಹಳ ಅಚ್ಚುಕಟ್ಟು. ಒಂದು ಸಂಜೆ ಊಟದ ಮನೆಯಲ್ಲಿ ರೊಟ್ಟಿ ಬಡಿಯುವ ಅವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. ‘ಸರ, ಮ್ಯಾಲಿನ ಖೋಲಿ ಹುಡುಗ ಮೂರು ದಿನಾ ಆತು, ಒಂದು ರೊಟ್ಟಿ ನೆಟ್ಟಗ ತಿಂದಿಲ್ಲ ನೋಡ್ರಿ. ತಾಟ ಹಂಗ ಬಿಟ್ಟು ಏಳತಾನ’ ಅಂದಳು. ಪುಸ್ತಕ ತೆಗೆದು ನೋಡಿದೆ. ಮೂರೂ ದಿನ ಅವನು ಹಾಜರಿದ್ದ.

ಬಿ.ಎಸ್ಸಿ. ಎರಡನೆಯ ವರ್ಷದ ಹುಡುಗ. ಮಳೆಯನ್ನೇ ನಂಬಿದ ಒಕ್ಕಲು ಮನೆಯವನು. ಅವನನ್ನು ಕರೆದು ‘ಯಾಕಪ್ಪ ತಮ್ಮಾ, ಏನಾಗೇದ?’ ಎಂದು ಕೇಳಬಹುದಿತ್ತು. ನಾನು ಕೇಳಲಿಲ್ಲ. ತಂದೆಗೆ ಫೋನು ಮಾಡಿದೆ.

ಮರುದಿನ ಮೊದಲನೆಯ ಬಸ್ಸಿಗೆ ತಂದೆ ಬಂದರು. ನನ್ನ ಕೋಣೆಯಲ್ಲಿ, ನನ್ನೆದುರಿಗೇ ಮಗನ ಕಪಾಳಕ್ಕೆ ಹೊಡೆದರು. ‘ಇರಲಿ ಬಿಡ್ರಿ ಯಜಮಾನ್ರ’ ಎಂದೆ. ಅಷ್ಟೇ ಎಂದೆ. ಸಂಜೆ ತಂದೆ ಮಗ ಇಬ್ಬರೂ ಟ್ರಂಕು ಹೊತ್ತುಕೊಂಡು ಹೋದರು. ಹುಡುಗ ತಿರುಗಿ ಬರಲಿಲ್ಲ. ನನಗೆ ಆಗ ಏನೂ ಅನ್ನಿಸಲಿಲ್ಲ ಎಂಬುದನ್ನೂ ಹೇಳಬೇಕು. ನಾನು ತಂದೆಯ ಜಾಗದಲ್ಲಿ ನಿಂತವನು, ಹುಡುಗನನ್ನು ಹೆತ್ತ ತಂದೆಗೇ ಒಪ್ಪಿಸಿದೆ, ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಏಳು ವರ್ಷದ ನಂತರ ಒಂದು ತಾಲ್ಲೂಕು ಊರಿನ ಬೀಜ ಗೊಬ್ಬರದ ಅಂಗಡಿಯಲ್ಲಿ ಅವನು ಸಿಕ್ಕ. ಗುರುತು ಹಿಡಿದು ಕೂಡ್ರಿಸಿ ಚಹ ತರಿಸಿದ. ತಾನಾಗಿಯೇ ಹೇಳಿದ. ಆ ಸಲ ಅವನಿಗೆ ಎರಡು ವಿಷಯ ಹೋಗಿದ್ದವಂತೆ. ಫೀಗಾಗಿ ಅಪ್ಪ ಬಡ್ಡಿ ಸಾಲ ತಂದದ್ದು ಅವನಿಗೆ ಗೊತ್ತಿತ್ತು. ರಾತ್ರಿ ನಿದ್ದೆ ಇಲ್ಲ, ಹೇಳಿಕೊಳ್ಳಲು ಯಾರೂ ಇಲ್ಲ. ಒಂದು ರಾತ್ರಿ ನೀರಿನ ಟಾಕಿ ಏರಿ ಬಹಳ ಹೊತ್ತು ಕುಂತು ಕೆಳಗೆ ಬಂದನಂತೆ. ನಾನು ಮಾತಾಡಲಿಲ್ಲ. ‘ನಮ್ಮಪ್ಪಗ ಫೋನ್ ಮಾಡೂಕಿಂತ ಮೊದಲ ನನಗೊಂದ್ಸಲ ಕೇಳಬೇಕಾಗಿತ್ತು ಸರ’ ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಚಹದ ದುಡ್ಡನ್ನೂ ಅವನೇ ಕೊಟ್ಟ.

ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ ಇದು. ಈ ‘ತಂದೆಯ ಜಾಗ’ವನ್ನು ನಮಗೆ ಕೊಟ್ಟವರು ಯಾರು?

ಕಾನೂನು ಬಲ್ಲ ಸ್ನೇಹಿತರ ನೆರವಿನಿಂದ ಓದುತ್ತ ಹೋದಾಗ ಇದು ಇಂಗ್ಲಿಷರ ಕಾನೂನಿನ ಹಳೆಯ ಮಾತು ಎಂದು ತಿಳಿಯಿತು. ಅದು ಅಲ್ಲಿಂದ ಅಮೆರಿಕಕ್ಕೂ ಹೋಯಿತು. ಅಲ್ಲಿನ ಕೆಂಟಕಿ ರಾಜ್ಯದಲ್ಲಿ ಬೆರಿಯಾ ಎಂಬ ಕಾಲೇಜು ಇದೆ. ತನ್ನ ವಿದ್ಯಾರ್ಥಿಗಳು ಹೊರಗಿನ ಖಾನಾವಳಿಗಳಿಗೆ ಕಾಲಿಡಕೂಡದು ಎಂದು ಅದು ನಿಯಮ ಮಾಡಿತು. ಗಿರಾಕಿ ಕಳೆದುಕೊಂಡ ಖಾನಾವಳಿಯವನು ಕೋರ್ಟಿಗೆ ಹೋದ. 1913ರಲ್ಲಿ ತೀರ್ಪು ಬಂತು: ಕಾಲೇಜು ತಂದೆತಾಯಿಯ ಸ್ಥಾನದಲ್ಲಿದೆ, ಮನೆಯಲ್ಲಿ ತಂದೆ ಮಾಡಬಹುದಾದ ನಿಯಮವನ್ನು ಕಾಲೇಜೂ ಮಾಡಬಹುದು. ಅಲ್ಲಿಂದ ಸುಮಾರು ಐವತ್ತು ವರ್ಷ ಅಲ್ಲಿನ ಕಾಲೇಜುಗಳು ಅದನ್ನೇ ಹಿಡಿದು ನಡೆದವು.

ಅದನ್ನು ಅಲುಗಾಡಿಸಿದವರು ಕರಿಯ ವಿದ್ಯಾರ್ಥಿಗಳು. 1960ರಲ್ಲಿ ಅಲಬಾಮಾದ ಮಾಂಟ್ಗೊಮರಿ ನಗರದ ನ್ಯಾಯಾಲಯ ಕಟ್ಟಡದಲ್ಲಿದ್ದ, ಬಿಳಿಯರಿಗೆ ಮಾತ್ರ ಊಟ ಬಡಿಸುವ ಜಾಗಕ್ಕೆ ಹೋಗಿ ಅವರು ನಮಗೂ ಬಡಿಸಿ ಎಂದು ಕೇಳಿದರು. ಅವರ ಕಾಲೇಜು ಒಂಬತ್ತು ಜನರನ್ನು ವಿಚಾರಣೆಯಿಲ್ಲದೆ ಹೊರಗೆ ಹಾಕಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ, ಕಾರಣ ತಿಳಿಸದೆ, ಅವರ ಮಾತು ಕೇಳದೆ ಹೀಗೆ ಹಾಕುವಂತಿಲ್ಲ ಎಂದಿತು. ಪಂಕ್ತಿಭೇದಕ್ಕೆ ಎದುರು ನಿಂತವರ ಬಗೆಗಿನ ತೀರ್ಪು ಇದು. ದಾಸೋಹದ ಪಂಕ್ತಿಯಲ್ಲಿ ಕೂತು ಬೆಳೆದ ನಮಗೆ ಅದರ ತೂಕ ಬೇಗ ತಿಳಿಯಬೇಕು.

ಆಮೇಲೆ ನಡೆದದ್ದನ್ನೂ ನೋಡಬೇಕು. ತಂದೆಯ ಅಧಿಕಾರ ಕೈತಪ್ಪಿದ ಮೇಲೆ ಅನೇಕ ಕಾಲೇಜುಗಳು ಪೂರ್ತಿ ಕೈಕೊಡವಿಕೊಂಡವು. ನೀವು ವಯಸ್ಕರು, ನಿಮ್ಮ ಬದುಕು ನಿಮ್ಮದು ಎಂದವು. 1979ರಲ್ಲಿ, ಕಾಲೇಜಿನ ವನಭೋಜನದಲ್ಲಿ ಬಿಯರ್ ಹರಿದು, ಹಿಂತಿರುಗುವಾಗ ಕಾರು ಅಪಘಾತದಲ್ಲಿ ಗಾಯಗೊಂಡ ಹುಡುಗನ ಮೊಕದ್ದಮೆಯಲ್ಲಿ ಕೋರ್ಟು ಕೂಡ ಕಾಲೇಜಿಗೆ ಹೊಣೆಯಿಲ್ಲ ಎಂದಿತು. ಮೊದಲು ಗೇಟಿಗೆ ಕೀಲಿ ಹಾಕಿದರು, ಆಮೇಲೆ ಗೇಟು ತೆರೆದಿಟ್ಟು ಮನೆಗೆ ಹೋದರು. ಎರಡೂ ಕಾಲದಲ್ಲಿ ಹುಡುಗ ಊಟ ಮಾಡಿದನೇ ಎಂದು ಕೇಳಿದವರು ಕಡಿಮೆ. ಹಾಗೆ ಕೇಳುವುದೂ ಕಾಲೇಜಿನ ಕೆಲಸ ಎಂಬ ಮಾತು ಅಲ್ಲಿ ಗಟ್ಟಿಯಾಗಿ ಕೇಳತೊಡಗಿದ್ದು ತಡವಾಗಿ.

ಈಗ ನಮ್ಮ ಮನೆಯ ಮಾತು. ನಾನೂ ಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವನು. ಅದು ಇರದಿದ್ದರೆ ನಾನು ಇಂದು ಈ ಮೈಕಿನ ಮುಂದಲ್ಲ, ಎತ್ತಿನ ಹಿಂದೆ ಇರುತ್ತಿದ್ದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳನ್ನು ಜಾತಿ ಕೇಳದೆ ಸಾಕಿದ್ದನ್ನು ನಾಡು ಕಂಡಿದೆ. ಆ ನಿಲಯಗಳಿಗೆ ಬರುತ್ತಿದ್ದವರು ಹತ್ತು ಹನ್ನೆರಡು ವರ್ಷದ ಮಕ್ಕಳು. ಅವರಿಗೆ ತಂದೆಯ ಜಾಗದಲ್ಲಿ ಯಾರಾದರೂ ನಿಲ್ಲಲೇಬೇಕಿತ್ತು. ನಾವು ಮಾಡಿದ ತಪ್ಪು ಯಾವುದೆಂದರೆ, ಆ ಮಕ್ಕಳಿಗಾಗಿ ಮಾಡಿದ ನಿಯಮಗಳನ್ನೇ ಕಾಲೇಜಿನ ನಿಲಯಗಳಿಗೂ ಹೊತ್ತುಕೊಂಡು ಬಂದದ್ದು. ಹದಿನೆಂಟಕ್ಕೆ ಓಟು ಹಾಕುವವನನ್ನು, ಬ್ಯಾಂಕಿನ ಕಾಗದಕ್ಕೆ ತಾನೇ ಸಹಿ ಮಾಡುವವಳನ್ನು ಐದನೆಯ ಇಯತ್ತೆಯ ಸಾಲಿನಲ್ಲಿ ನಿಲ್ಲಿಸಿದೆವು.

ಹೆಣ್ಣುಮಕ್ಕಳ ನಿಲಯದಲ್ಲಂತೂ ಇದು ಇನ್ನೂ ಬಿಗಿ. 2019ರಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಒಂದು ಕಾಲೇಜಿನಲ್ಲಿ ಸಂಜೆ ಆರರಿಂದ ಹತ್ತರವರೆಗೆ ಹುಡುಗಿಯರು ಮೊಬೈಲ್ ಬಳಸಬಾರದು ಎಂಬ ನಿಯಮವಿತ್ತು. ಒಬ್ಬಳು ಒಪ್ಪಲಿಲ್ಲ. ನಿಲಯದಿಂದ ಹೊರಗೆ ಹಾಕಿದರು. ಹೈಕೋರ್ಟು ಅವಳನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಅಂತರ್ಜಾಲ ಬಳಸುವುದು ಓದುವ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಎಂದಿತು.

ನಮಗೆ ಕೋರ್ಟು ಹೇಳಿಕೊಡಬೇಕಾಗಿತ್ತೇ? ಉಪನಯನ ಒಲ್ಲೆ ಎಂದು ಎಳೆಯ ವಯಸ್ಸಿನಲ್ಲೇ ತಂದೆಯ ಮನೆ ಬಿಟ್ಟು ನಡೆದ ಬಸವಣ್ಣನ ಕಥೆಯನ್ನು ನಾವು ಜಯಂತಿಗೊಮ್ಮೆ ಹೇಳುತ್ತೇವೆ. ಕೂಡಲಸಂಗಮದಲ್ಲಿ ಅವನನ್ನು ಸೇರಿಸಿಕೊಂಡ ಗುರುಗಳು, ಮೊದಲು ಅಪ್ಪನ ಕಡೆಯಿಂದ ಚೀಟಿ ತಾ ಎಂದು ಕೇಳಿದರೆಂದು ಯಾವ ಪುರಾಣದಲ್ಲೂ ನಾನು ಓದಿಲ್ಲ. ಅರಮನೆಯನ್ನೇ ಬಿಟ್ಟು ಹೊರಟ ಅಕ್ಕನ ಚಿತ್ರಕ್ಕೆ ಬೆಳಿಗ್ಗೆ ಹೂವು ಏರಿಸುತ್ತೇವೆ. ಅದೇ ಕಟ್ಟಡದಲ್ಲಿ, ಬಸ್ಸು ತಪ್ಪಿ ಹದಿನೈದು ನಿಮಿಷ ತಡವಾಗಿ ಬಂದ ಹುಡುಗಿಯನ್ನು ಗೇಟಿನ ಹೊರಗೆ ನಿಲ್ಲಿಸುತ್ತೇವೆ. ದೀಕ್ಷೆಯಲ್ಲಿ ಗುರು ಇಷ್ಟಲಿಂಗವನ್ನು ಎಲ್ಲಿ ಇಡುತ್ತಾನೆ? ಶಿಷ್ಯನ ಅಂಗೈಯಲ್ಲಿ. ಆಮೇಲೆ ಪೂಜೆ ಅವನದು, ನಡುವೆ ಗುರುವೂ ಬರುವುದಿಲ್ಲ. ಹಾಗಂತ ಶಿಷ್ಯನ ಕೈ ಬಿಡುವುದೂ ಇಲ್ಲ.

‘ಫೀ ಕಟ್ಟುವವರು ನಾವು, ನಮಗೆ ಹೇಳದೆ ಹೇಗೆ?’ ಎಂದು ಪಾಲಕರು ಕೇಳುತ್ತಾರೆ. ನ್ಯಾಯವಾದ ಸಂಕಟ ಅದು, ನಾನೂ ಇಬ್ಬರು ಮಕ್ಕಳ ತಂದೆ. ಜೀವಕ್ಕೆ ಅಪಾಯ ಕಂಡರೆ ಮನೆಯವರಿಗೆ ತಿಳಿಸಲೇಬೇಕು. ಆಗಲೂ, ಸಾಧ್ಯವಾದಷ್ಟು ಮಟ್ಟಿಗೆ, ‘ನಿಮ್ಮ ಮನೆಗೆ ತಿಳಿಸುತ್ತೇವೆ, ಯಾರಿಗೆ ಹೇಳಿದರೆ ನಿನಗೆ ಸಮಾಧಾನ?’ ಎಂದು ಅವನನ್ನು ಕೇಳಿ. ನನ್ನ ಹುಡುಗನಿಗೆ ಒಬ್ಬ ಸೋದರಮಾವ ಇದ್ದ, ಅವನ ಮಾತು ತಂದೆ ಕೇಳುತ್ತಿದ್ದ ಎಂಬುದು ನನಗೆ ಗೊಬ್ಬರದಂಗಡಿಯಲ್ಲಿ ತಿಳಿಯಿತು.

2022ರೊಂದು ವರ್ಷದಲ್ಲೇ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ಸರ್ಕಾರದ ಅಪರಾಧ ದಾಖಲೆಯೇ ಹೇಳುತ್ತದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಶಿಕ್ಷಣ ಸಂಸ್ಥೆಗಳಿಗೆಲ್ಲ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು. ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಕೂರಿಸಬಾರದು, ನಾಲ್ಕು ಜನರೆದುರು ಅವಮಾನ ಮಾಡಬಾರದು. ಬೋಧಕರಿಗೂ ಬೋಧಕೇತರರಿಗೂ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ನಿಲಯದ ಫ್ಯಾನುಗಳಿಗೆ ಸುರಕ್ಷಾ ಸಾಧನ ಇರಬೇಕು ಎಂಬುದೂ ಅದರಲ್ಲಿದೆ. ನಮ್ಮ ಆಡಳಿತ ಮಂಡಳಿಗಳು ಮೊದಲು ಕೊಟೇಶನ್ ತರಿಸುವುದು ಈ ಫ್ಯಾನಿನದು. ಅದಕ್ಕೆ ಬಿಲ್ಲು ಬರುತ್ತದೆ, ತೋರಿಸಲು ಬರುತ್ತದೆ. ಫ್ಯಾನು ಬೇಡ ಎನ್ನುತ್ತಿಲ್ಲ, ಹಾಕಿಸಿ. ಅದರ ಜೊತೆಗೆ ಆ ಸಮಾಲೋಚಕರ ಸಂಬಳವನ್ನೂ ಬಜೆಟ್ಟಿನಲ್ಲಿ ಬರೆಯಿರಿ.

ಅವರ ಕೋಣೆ ಪ್ರಾಚಾರ್ಯರ ಕೋಣೆಯ ಪಕ್ಕಕ್ಕೆ ಬೇಡ. ಅಲ್ಲಿಗೆ ಹೋದವನನ್ನು ಇಡೀ ಕಾಲೇಜು ನೋಡುತ್ತದೆ. ಶಿಕ್ಷೆ ಕೊಡುವವನೇ ಸಮಾಧಾನ ಹೇಳುವವನೂ ಆಗಬಾರದು, ವಾರ್ಡನ್‌ನಿಗೆ ಸಮಾಲೋಚಕನ ಬಿಲ್ಲೆ ಹಾಕಿ ಲೆಕ್ಕ ತೋರಿಸಬೇಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಮನೋಚಿಕಿತ್ಸೆ ಪಡೆಯುವವನ ಗುಟ್ಟು ಕಾಯುವುದನ್ನು ಅವನ ಹಕ್ಕು ಎಂದಿದೆ. ಟೆಲಿಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆ ನೋಟಿಸ್ ಬೋರ್ಡಿನ ಗಾಜಿನೊಳಗೆ ಬೇಡ. ಕೈತೊಳೆಯುವ ನಲ್ಲಿಯ ಮೇಲೆ, ಯಾರೂ ನೋಡದಾಗ ಓದಿಕೊಳ್ಳುವಂಥ ಕಡೆ ಬರೆಸಿ.

ಬೋಧಕೇತರರ ತರಬೇತಿಗೆ ಅಡುಗೆಯವರನ್ನು, ರಾತ್ರಿ ಕಾವಲಿನವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ನನ್ನ ಹಾಜರಿ ಪುಸ್ತಕ ಕಾಣದ್ದನ್ನು ಮೊದಲು ಕಂಡವಳು ರೊಟ್ಟಿ ಬಡಿಯುವ ಅವ್ವ. ಅವಳು ಕಾಯಕದಲ್ಲಿದ್ದಳು, ನಾನು ನೌಕರಿಯಲ್ಲಿದ್ದೆ. ಅವಳು ಬಂದು ಹೇಳಿದಾಗ ನಾನು ಕೂಡು ಎಂದೂ ಅನ್ನಲಿಲ್ಲ.

ಇನ್ನೊಂದು ಬಿನ್ನಹ, ಅಪ್ಪಗಳವರಲ್ಲಿ. ನಮ್ಮ ಸಂಸ್ಥೆಗಳ ಹೆಣ್ಣುಮಕ್ಕಳ ನಿಲಯಕ್ಕೆ ಸಂಜೆ ಆರೂವರೆ, ಗಂಡುಮಕ್ಕಳದಕ್ಕೆ ಒಂಬತ್ತು. ಗ್ರಂಥಾಲಯ ಎಂಟರವರೆಗೆ ತೆರೆದಿರುತ್ತದೆ. ಆ ಒಂದೂವರೆ ತಾಸಿನ ಪುಸ್ತಕಗಳನ್ನು ಹುಡುಗಿಯರು ಯಾವಾಗ ಓದಬೇಕು ಎಂದು ಮಂಡಳಿಯ ಸಭೆಯಲ್ಲಿ ಎರಡು ಸಲ ಕೇಳಿದೆ. ‘ನೋಡೋಣು’ ಎಂದರು. ಸಮಯ ಎಷ್ಟಿರಬೇಕೆಂದು ಇಲ್ಲಿ ಕುಳಿತ ನಾವು ನಿರ್ಣಯ ಮಾಡುವುದು ಬೇಡ. ಮುಂದಿನ ಹುಣ್ಣಿಮೆಯ ಗೋಷ್ಠಿಯಲ್ಲಿ ಈ ಮೈಕು ಆ ಮಕ್ಕಳ ಕೈಗೆ ಕೊಡಿಸಬೇಕು. ಮಂಡಳಿಯವರೆಲ್ಲ ಕೆಳಗೆ ಜಮಖಾನದ ಮೇಲೆ ಕುಳಿತು ಕೇಳಲಿ, ನಾನೂ ಅವರ ಜೊತೆ ಕೂಡುತ್ತೇನೆ. ಹಿಂದೆ ನಿಂತ ಮಕ್ಕಳೇ, ಮುಂದೆ ಜಾಗ ಇದೆ, ಬಂದು ಕುಳಿತುಕೊಳ್ಳಿ.