ಆಟದ ಲಾರಿ, ಆಟದ ಕ್ರೇನು

(ಸಂಘದ ವಾರ್ಷಿಕೋತ್ಸವದಲ್ಲಿ, ಮಕ್ಕಳು ರಚಿಸಿದ ಮಾದರಿಗಳ ಪ್ರದರ್ಶನವನ್ನು ಕುರಿತು ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ವರ್ಷ ನಮ್ಮ ಸಂಘವು ದಾನಿಗಳಿಂದ ಬಂದ ಹಣದಲ್ಲಿ ಒಂದು ಭಾಗವನ್ನು ವಿನಿಯೋಗಿಸಿ, ಜೋಡಣೆಯ ಇಟ್ಟಿಗೆಗಳು, ರಂಧ್ರಗಳುಳ್ಳ ಪಟ್ಟಿಗಳು, ಹಲ್ಲುಚಕ್ರಗಳು ಹಾಗೂ ಚಿಕ್ಕ ವಿದ್ಯುತ್ ಮೋಟಾರುಗಳಿರುವ ಎರಡು ಪೆಟ್ಟಿಗೆಗಳನ್ನು ಶಾಲೆಗೆ ತರಿಸಿಕೊಟ್ಟಿದೆ. ಅವುಗಳಿಂದ ಮಕ್ಕಳು ರಚಿಸಿದ ಲಾರಿ, ಕ್ರೇನುಗಳನ್ನು ತಾವು ಪಕ್ಕದ ಕೊಠಡಿಯಲ್ಲಿ ನೋಡಿದ್ದೀರಿ. “ಪುಸ್ತಕ ಕೊಳ್ಳಬಹುದಾಗಿದ್ದ ಹಣದಲ್ಲಿ ಆಟಿಕೆ ಏತಕ್ಕೆ?” ಎಂದು ಕೆಲವು ಪೋಷಕರು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಬೆವರು ಸುರಿಸಿ ಗಳಿಸಿ ಕೊಟ್ಟ ಹಣದ ಲೆಕ್ಕವನ್ನು ಕೇಳುವ ಅಧಿಕಾರ ತಮಗುಂಟು. ಆ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಇಂದಿನ ಮಾತುಗಳ ಉದ್ದೇಶ.

ಮೊದಲು ಈ ಆಟಿಕೆಗಳ ಪೂರ್ವೋತ್ತರವನ್ನು ಸ್ವಲ್ಪ ತಿಳಿಯೋಣ. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಗುಮಾಸ್ತರಾಗಿದ್ದ ಫ್ರಾಂಕ್ ಹಾರ್ನ್‌ಬಿ ಎಂಬವರು ತಮ್ಮ ಮಕ್ಕಳಿಗಾಗಿ ತಗಡಿನ ಪಟ್ಟಿಗಳಲ್ಲಿ ಸಮಾನ ಅಂತರದ ರಂಧ್ರಗಳನ್ನು ಕೊರೆದು, ನಟ್ಟು ಬೋಲ್ಟುಗಳಿಂದ ಜೋಡಿಸುವ ಆಟಿಕೆಯನ್ನು ಕಲ್ಪಿಸಿ, 1901ರಲ್ಲಿ ಅದಕ್ಕೆ ಪೇಟೆಂಟು ಪಡೆದರು. ಮುಂದೆ ಅದು ಮೆಕ್ಯಾನೊ ಎಂದು ಪ್ರಸಿದ್ಧವಾಯಿತು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದರು. ನಮ್ಮ ಚನ್ನಪಟ್ಟಣದ ಕುಶಲಿಗಳು ಅರಗಿನ ಬಣ್ಣದ ಬೊಂಬೆಗಳನ್ನು ಕಡೆಯುವಂತೆ, ಅವರದೂ ಮರವನ್ನೇ ನಂಬಿದ ಕಸುಬು. ಆ ಬಡಗಿಯ ಮನೆಯಿಂದಲೇ ಲೆಗೊ ಎಂಬ ಇಟ್ಟಿಗೆ ಬಂದಿತು. ಇಂದಿನ ರೂಪದ ಇಟ್ಟಿಗೆಗೆ 1958ರಲ್ಲಿ ಪೇಟೆಂಟು ಕೋರಲಾಯಿತು. 1977ರಲ್ಲಿ ಹಲ್ಲುಚಕ್ರ, ಅಚ್ಚುಗಳಿಂದ ಕೂಡಿದ ಟೆಕ್ನಿಕ್ ಶ್ರೇಣಿ ಹೊರಬಂದಿತು. 2023ರಲ್ಲಿ ಬಂದ ಲೀಬ್‌ಹೆರ್ ಕ್ರೇನಿನ ಮಾದರಿಯಲ್ಲಿ 2883 ಬಿಡಿಭಾಗಗಳೂ 6 ಮೋಟಾರುಗಳೂ ಇವೆ. ಎಂಟು ಉಬ್ಬುಗಳುಳ್ಳ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಎಣಿಸಿದ್ದಾರೆ. ಆರು ಇಟ್ಟಿಗೆಗಳಿಗೇ ಇಷ್ಟಾದರೆ, ಒಂದು ಪೆಟ್ಟಿಗೆಯಲ್ಲಿ ಅಡಗಿರುವ ಸಾಧ್ಯತೆಗಳಿಗೆ ಮಿತಿಯೆಲ್ಲಿ!

ಪ್ರಿಯ ವಿದ್ಯಾರ್ಥಿಗಳೇ, ಲಾರಿ ಮತ್ತು ಕ್ರೇನು ನಿಮಗೆ ಅಪರಿಚಿತ ವಸ್ತುಗಳಲ್ಲ. ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ 1980ರಲ್ಲಿ ಆರಂಭವಾಯಿತು. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿಗಳ ಮೂಲಕ ಸಾಗುವ ಹೆದ್ದಾರಿಯಲ್ಲಿ ಹಗಲಿರುಳು ಲಾರಿಗಳ ಸಾಲು. ನಮ್ಮ ಜಿಲ್ಲೆಯ ಗ್ರಾನೈಟ್ ಗಣಿಗಳಲ್ಲಿ ಕ್ರೇನುಗಳು ಕಲ್ಲಿನ ದಿಮ್ಮಿಗಳನ್ನು ಎತ್ತಿ ಲಾರಿಗೆ ಇಳಿಸುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಆದರೆ ಕಾಣುವುದು ಬೇರೆ, ಅರಿಯುವುದು ಬೇರೆ. ಅಷ್ಟು ಭಾರವನ್ನೆತ್ತುವ ಕ್ರೇನು ತಾನೇ ಏಕೆ ಮುಗ್ಗರಿಸುವುದಿಲ್ಲ? ಯಂತ್ರವನ್ನು ನಿಲ್ಲಿಸಿದರೂ ಕಲ್ಲು ಏಕೆ ಜಾರಿ ಬೀಳುವುದಿಲ್ಲ? ಚಿಕ್ಕ ಮಾದರಿಯೊಂದನ್ನು ಕೈಯಾರೆ ರಚಿಸುವವನಿಗೆ ಈ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ.

ಮೊದಲನೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಕ್ರೇನಿನ ಬುಡದಂಚಿನಿಂದ 40 ಸೆಂಟಿಮೀಟರು ಮುಂದೆ ಚಾಚಿದ ತೋಳಿನ ತುದಿಯಲ್ಲಿ 50 ಗ್ರಾಂ ತೂಕ ತೂಗುತ್ತಿದೆ ಎಂದುಕೊಳ್ಳಿ. ಅದೇ ಅಂಚಿನಿಂದ 10 ಸೆಂಟಿಮೀಟರು ಹಿಂದೆ ಎದುರುಭಾರವನ್ನು ಇಡಬೇಕಾದರೆ ಎಷ್ಟು ಬೇಕು? 50ನ್ನು 40ರಿಂದ ಗುಣಿಸಿ 10ರಿಂದ ಭಾಗಿಸಿರಿ: 200 ಗ್ರಾಂ. ತೋಳನ್ನು ಇನ್ನೂ ಮುಂದಕ್ಕೆ ಚಾಚಿದರೆ ಲೆಕ್ಕ ಕೆಡುತ್ತದೆ, ಕ್ರೇನು ಮೂಗು ನೆಲಕ್ಕೆ ಮಾಡುತ್ತದೆ. ನಮ್ಮ ಅಜ್ಜಂದಿರಿಗೆ ಈ ತತ್ತ್ವ ಹೊಸದಾಗಿರಲಿಲ್ಲ. ಹೊಲದ ಬಾವಿಯ ಏತದಲ್ಲಿ ಒಂದು ತುದಿಗೆ ನೀರಿನ ಬಾನೆ, ಇನ್ನೊಂದು ತುದಿಗೆ ಕಲ್ಲಿನ ಭಾರವೋ ಆಳಿನ ಭಾರವೋ ಇರುತ್ತಿತ್ತಲ್ಲವೆ? ಕಪಿಲೆಯ ರಾಟೆಯೂ ಕ್ರೇನಿನ ತುದಿಯ ರಾಟೆಯೂ ಒಂದೇ ಕುಲದವು.

ಇನ್ನು ಎರಡನೆಯ ಪ್ರಶ್ನೆ. ಪುಟ್ಟ ಮೋಟಾರಿಗೆ ವೇಗ ಹೆಚ್ಚು, ಬಲ ಕಡಮೆ. ಅದು ಮಿನಿಟಿಗೆ 240 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಅದರ ಅಚ್ಚಿಗೆ ತಿರುಪಿನಂಥ ಗೇರನ್ನು ಸಿಕ್ಕಿಸಿ, ಅದಕ್ಕೆ 24 ಹಲ್ಲುಗಳ ಚಕ್ರವನ್ನು ತಾಗಿಸಿದರೆ, ತಿರುಪು 24 ಸುತ್ತು ಬಂದಾಗ ಚಕ್ರ ಒಂದು ಸುತ್ತು ಬರುತ್ತದೆ. ಎಂದರೆ ದಾರ ಸುತ್ತುವ ಉರುಳೆ ಮಿನಿಟಿಗೆ ಹತ್ತೇ ಸುತ್ತು ತಿರುಗುತ್ತದೆ. ಘರ್ಷಣೆಯಲ್ಲಿ ಬಲದ ಬಹುಪಾಲು ಸೋರಿಹೋದರೂ ಉಳಿದದ್ದು ಮೊದಲಿಗಿಂತ ಎಷ್ಟೋ ಮಡಿ ಹೆಚ್ಚು. ಅಲ್ಲದೆ ತಿರುಪು ಚಕ್ರವನ್ನು ತಿರುಗಿಸಬಲ್ಲುದು, ಚಕ್ರ ತಿರುಪನ್ನು ತಿರುಗಿಸಲಾರದು. ಆದುದರಿಂದ ಮೋಟಾರು ನಿಂತರೂ ನಮ್ಮ ಮಾದರಿಯ ಭಾರ ತೂಗಿದಲ್ಲೇ ತೂಗುತ್ತಿರುತ್ತದೆ. ದೊಡ್ಡ ಕ್ರೇನುಗಳಲ್ಲಿ ಈ ಕೆಲಸಕ್ಕೆ ಬಲವಾದ ಬ್ರೇಕುಗಳಿರುತ್ತವೆ.

ಲಾರಿಯಲ್ಲಿಯೂ ಇದೇ ಧರ್ಮ. ಮೋಟಾರಿಗೆ 8 ಹಲ್ಲಿನ ಚಕ್ರ, ಹಿಂದಿನ ಅಚ್ಚಿಗೆ 24 ಹಲ್ಲಿನ ಚಕ್ರ ಹಾಕಿದರೆ ವೇಗ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ, ಆದರೆ ಲಾರಿ ಹೊರೆ ಹೊತ್ತು ಏರನ್ನು ಹತ್ತುತ್ತದೆ. ಓಟವೂ ಬೇಕು, ಹೊರೆಯೂ ಬೇಕು ಎಂದರೆ ಒಂದೇ ಮೋಟಾರು ಎರಡನ್ನೂ ಕೊಡದು. ಬಲವನ್ನು ಪಡೆಯಬೇಕಾದರೆ ವೇಗವನ್ನು ತೆರಬೇಕು; ಪ್ರಕೃತಿಯ ಅಂಗಡಿಯಲ್ಲಿ ಸಾಲ ದೊರೆಯುವುದಿಲ್ಲ. ಲಾರಿಯ ಚೌಕಟ್ಟು ಹೊರೆಯಿಂದ ಓರೆಯಾಗುತ್ತದೆಯೆ? ಒಂದು ಪಟ್ಟಿಯಲ್ಲಿ ಮೂರು ಅಂತರ, ಇನ್ನೊಂದರಲ್ಲಿ ನಾಲ್ಕು ಅಂತರ ಎಣಿಸಿ, ಎರಡು ತುದಿಗಳ ನಡುವೆ ಐದು ಅಂತರದ ಪಟ್ಟಿಯನ್ನು ಬಿಗಿಯಿರಿ. ಮೂಲೆ ನೇರ ಲಂಬಕೋನವಾಗಿ ನಿಲ್ಲುತ್ತದೆ. ಪೈಥಾಗೊರಸನ ಪ್ರಮೇಯವೆಂದು ನೀವು ಬಾಯಿಪಾಠ ಮಾಡಿದುದು ಆಗ ಕೈಗೆ ಸಿಕ್ಕುತ್ತದೆ.

ಪೋಷಕ ಮಹಾಶಯರೇ, “ಕಾರ್ಖಾನೆಯ ಬಾಗಿಲಲ್ಲಿ ಕನ್ನಡ ಯಾವ ಕೆಲಸಕ್ಕೆ ಬರುತ್ತದೆ?” ಎಂಬ ಮಾತನ್ನೂ ನಾನು ಕೇಳುತ್ತಿರುತ್ತೇನೆ. ಈ ಗಡಿನಾಡಿನ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡುತ್ತಾರೆ. ಇಂಗ್ಲಿಷನ್ನೂ ಕಲಿಯಲೇಬೇಕು, ಅದರಲ್ಲಿ ವಿವಾದವಿಲ್ಲ. ಆದರೆ “ಏಕೆ?” ಎಂಬ ಪ್ರಶ್ನೆ ಮಗುವಿನಲ್ಲಿ ಮೊದಲು ಹುಟ್ಟುವುದು ತಾಯಿಯ ನುಡಿಯಲ್ಲಿ. ಅಚ್ಚು, ರಾಟೆ, ತಿರುಪು, ಹಲ್ಲು, ಭಾರ—ಈ ಮಾತುಗಳಿಂದ ಯಂತ್ರದ ಮರ್ಮವನ್ನು ಅರಿತವನಿಗೆ ಅವುಗಳ ಇಂಗ್ಲಿಷ್ ಹೆಸರನ್ನು ಕಲಿಯಲು ಒಂದು ವಾರ ಸಾಕು. ಹೆಸರನ್ನು ಮಾತ್ರ ಕಲಿತು ಮರ್ಮವನ್ನು ಅರಿಯದವನು ಜೀವಮಾನವಿಡೀ ಇನ್ನೊಬ್ಬರು ಹೇಳಿದಂತೆ ಗುಂಡಿ ಒತ್ತುತ್ತಾ ಇರಬೇಕಾದೀತು. ನಮ್ಮ ಮಕ್ಕಳು ಕಾರ್ಖಾನೆಗೆ ಹೋಗುವುದು ನಿಶ್ಚಯವಾದರೆ, ದುಡಿಯುವ ಕೈಗಳಾಗಿ ಮಾತ್ರವಲ್ಲ, ಯೋಚಿಸುವ ತಲೆಗಳಾಗಿಯೂ ಹೋಗಲಿ ಎಂಬುದು ನನ್ನ ಆಶೆ. ಈ ಮಾತು ಹೆಣ್ಣುಮಕ್ಕಳಿಗೂ ಅಷ್ಟೇ ಅನ್ವಯಿಸುತ್ತದೆ. ಮೋಟಾರು ಹುಡುಗರ ಪಾಲಿಗೆ, ಬಣ್ಣದ ಕಾಗದ ಹುಡುಗಿಯರ ಪಾಲಿಗೆ ಎಂಬ ಹಂಚಿಕೆ ನಮ್ಮ ಶಾಲೆಯಲ್ಲಿ ಸಲ್ಲದು.

ಈ ಪೆಟ್ಟಿಗೆಗಳು ದುಬಾರಿ. ಮನೆಮನೆಗೂ ಕೊಳ್ಳಿರೆಂದು ನಾನು ಹೇಳಲಾರೆ. ರಟ್ಟು, ಬಿದಿರುಕಡ್ಡಿ, ನೂಲಿನ ಉರುಳೆ, ಬಾಟಲಿಯ ಮುಚ್ಚಳ, ಕೆಟ್ಟ ಆಟಿಕೆಯಿಂದ ಬಿಚ್ಚಿದ ಮೋಟಾರು—ಇವಿಷ್ಟಿದ್ದರೆ ಮನೆಯಲ್ಲಿಯೂ ಕ್ರೇನನ್ನು ಮಾಡಬಹುದು. ಮಗು ಕೆಲಸದಲ್ಲಿ ತೊಡಗಿರುವಾಗ “ಗಲೀಜು ಮಾಡಬೇಡ” ಎಂದು ಗದರಿಸದಿರುವುದೇ ತಾವು ನೀಡುವ ದೊಡ್ಡ ಸಹಾಯ.

ವಿದ್ಯಾರ್ಥಿಗಳೇ, ನಿಮಗೆ ಮೂರು ಮಾತು. ಪುಸ್ತಿಕೆಯ ಚಿತ್ರವನ್ನು ನೋಡಿ ಒಂದು ಬಾರಿ ಜೋಡಿಸಿರಿ. ಎರಡನೆಯ ಬಾರಿ ಪುಸ್ತಿಕೆಯನ್ನು ಮುಚ್ಚಿ ನಿಮ್ಮದೇ ವಿನ್ಯಾಸವನ್ನು ರಚಿಸಿರಿ. ಮಾದರಿ ಕುಸಿದರೆ ನಗಬೇಡಿರಿ, ಅಳಲೂಬೇಡಿರಿ. ಎಲ್ಲಿ ಕುಸಿಯಿತು ಎಂಬುದನ್ನು ನೋಟುಬುಕ್ಕಿನಲ್ಲಿ ಬರೆದು, ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಾಯಿಸಿರಿ. ಕೊನೆಯದಾಗಿ, ಆಟ ಮುಗಿದ ಮೇಲೆ ಪ್ರತಿಯೊಂದು ಚಕ್ರವನ್ನೂ ಎಣಿಸಿ ಪೆಟ್ಟಿಗೆಗೆ ಹಿಂತಿರುಗಿಸಿರಿ, ಏಕೆಂದರೆ ನಾಳೆ ಬರುವ ತಮ್ಮತಂಗಿಯರಿಗೂ ಅದರಲ್ಲಿ ಪಾಲುಂಟು.