ಪುಟ್ಟ ಜೀಪು, ಅಮ್ಮನ ಮೊಬೈಲು



ಕಾಪು, ಕಾರ್ಕಳದ ಕಡೆ ಮನೆಭೇಟಿಗೆ ಹೋದಾಗ ನಾವು ಕೇಳುವ ದೂರು ಒಂದೇ: "ಸಿಸ್ಟರ್, ಮೀನು ಮಾರಿ ಬರುವಷ್ಟರಲ್ಲಿ, ಬೀಡಿ ಕಟ್ಟಿ ಏಳುವಷ್ಟರಲ್ಲಿ ಮಗ ಮೊಬೈಲಲ್ಲಿ ಕಾರು ಓಡಿಸ್ತಾ ಇರ್ತಾನೆ. ಕಿತ್ಕೊಂಡ್ರೆ ಊಟ ಬಿಡ್ತಾನೆ."

ಒಂದು ಮನೆಯಲ್ಲಿ ನಾವೂ ಮಗುವಿನ ಪಕ್ಕ ಕೂತು ನೋಡಿದೆವು. ಆಟದ ಹೆಸರು 'ಹಿಲ್ ಕ್ಲೈಂಬ್ ರೇಸಿಂಗ್'. 2012ರಲ್ಲಿ ಫಿನ್ಲೆಂಡಿನ ಕಂಪೆನಿಯೊಂದು ತಯಾರಿಸಿದ್ದು. ಗುಡ್ಡ ಹತ್ತುವ ಪುಟ್ಟ ಜೀಪು. ಓಡಿಸಲು ಗ್ಯಾಸ್, ಬ್ರೇಕ್ ಎರಡೇ. ಪೆಟ್ರೋಲು ಮುಗಿದರೆ ಅಥವಾ ಜೀಪು ಮಗುಚಿದರೆ ಆಟ ಮುಗಿಯಿತು. ನಾಣ್ಯ ಕೂಡಿಸಿದರೆ ಒಳ್ಳೆಯ ಟಯರು, ಇಂಜಿನು. ಹಾಗಾಗಿ 'ಇನ್ನೊಂದೇ ಸಲ' ಎಂಬುದು ಮುಗಿಯುವುದೇ ಇಲ್ಲ.

ಆಟ ಕೆಟ್ಟದ್ದಲ್ಲ. ಆದರೆ ನಡುವೆ ಕಿತ್ತುಕೊಂಡರೆ ಓಡಿದ ದೂರವೆಲ್ಲ ಹೋಯಿತೆಂದು ಮಗುವಿಗೆ ಸಿಟ್ಟು. ಆದ್ದರಿಂದ ನಿಮಿಷದ ಲೆಕ್ಕ ಬೇಡ. "ಐದು ಓಟ, ಆಮೇಲೆ ಊಟ" ಎಂದು ಮೊದಲೇ ಮಾತಾಡಿಕೊಳ್ಳಿ.

ಆ ನಾಣ್ಯಗಳನ್ನು ನಿಜವಾದ ದುಡ್ಡು ಕೊಟ್ಟೂ ಕೊಳ್ಳಬಹುದು. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಡಿ.

ನಿದ್ದೆ, ಶಾಲೆ, ಗೆಳೆಯರನ್ನು ಬಿಟ್ಟು ತಿಂಗಳುಗಟ್ಟಲೆ ಆಟವೊಂದೇ ಆದರೆ ನಾಚಿಕೆಪಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಖರ್ಚಿಲ್ಲ.

ಕೊನೆಗೊಂದು ಮಾತು. ಆ ಮಗು ನಮ್ಮ ಕೈಗೆ ಮೊಬೈಲು ಕೊಟ್ಟು, "ನೀವೂ ಓಡಿಸಿ ಸಿಸ್ಟರ್" ಎಂದಿತು. ಅದುವರೆಗೆ ಅದರ ಪಕ್ಕ ಯಾರೂ ಕೂತಿರಲಿಲ್ಲ. ದಿನಕ್ಕೊಂದು ಓಟ ನೀವೂ ಓಡಿಸಿ. ದೇವರು ನಿಮ್ಮ ಮನೆಗಳನ್ನು ಹರಸಲಿ.